ಬೋರ್ಡ್ ಇಲ್ಲದ ಬಸ್ಸು

ನನಗೆ ಲಕ್ವ ಹೊಡೆದಿತ್ತು ಎಂದು ಗೊತ್ತಾದ ಕೂಡಲೇ ಜನ ನನ್ನ ಎಡಗೈಯನ್ನು ನೋಡುತ್ತಾರೆ. ಕೈ ಈಗ ಚೆನ್ನಾಗಿಯೇ ಇದೆ. ಷರಟಿನ ಗುಂಡಿ ಹಾಕಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ. ಹೋದದ್ದು ಮಾತಿನ ರಾಗ. ಮಾತು ಹೋಗಲಿಲ್ಲ, ಒಂದು ಪದವೂ ಮರೆಯಲಿಲ್ಲ. ಆದರೆ ದನಿ ಏರುವುದಿಲ್ಲ, ಇಳಿಯುವುದಿಲ್ಲ. ಸಂತೋಷ, ಸಿಟ್ಟು, ಭಯ ಎಲ್ಲವೂ ಒಂದೇ ಮಟ್ಟದಲ್ಲಿ ಹೊರಗೆ ಬರುತ್ತವೆ. ಇಂಥದ್ದೂ ಒಂದು ಕಾಯಿಲೆ ಇದೆ ಎಂದು ನನಗೆ ಬರುವವರೆಗೆ ನಾನು ಕೇಳಿರಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಲಕ್ವದಿಂದ ಎದ್ದ ಮೇಲೆ ಒರಟಾಗಿದ್ದಾರೆ, ಪ್ರೀತಿ ಕಡಿಮೆಯಾಗಿದೆ ಅನ್ನಿಸಿದರೆ, ತೀರ್ಮಾನಕ್ಕೆ ಬರುವ ಮುಂಚೆ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿ. ಅದನ್ನು ಹೇಳುವುದಕ್ಕೇ ಬರೆಯುತ್ತಿದ್ದೇನೆ. ಅವ್ವನ ವಿಷಯ ಬರೆಯಬೇಕು ಅನ್ನುವುದೂ ಇದೆ.

ನಾನು ಹತ್ತನೇ ತರಗತಿವರೆಗೆ ಓದಿದವನು. ಬದನಗುಪ್ಪೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲು ಕೆಲಸ. ಊರು ಚಂದಕವಾಡಿ. ಮನೆಯಲ್ಲಿ ಅವ್ವ, ಹೆಂಡತಿ ಮಂಜುಳ ಮತ್ತು ನಾನು ಇದ್ದೆವು. ಅಕ್ಕ ಗೌರಮ್ಮನನ್ನು ಗುಂಡ್ಲುಪೇಟೆಗೆ ಕೊಟ್ಟಿದೆ. ಅಲ್ಲಿ ಒಂದು ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುತ್ತಾಳೆ.

ಆ ದಿನ ಬೆಳಿಗ್ಗೆ ಗೇಟಿನಲ್ಲಿ ಲಾರಿ ನಂಬರು ಬರೆಯುತ್ತಿದ್ದೆ. ಎಡಗೈಯಲ್ಲಿದ್ದ ಟಿಫನ್ ಬಾಕ್ಸು ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಜೊತೆಗಿದ್ದ ಶಿವಣ್ಣ ನನ್ನ ಮುಖವನ್ನೇ ನೋಡುತ್ತಿದ್ದ.

"ಮಾದೇವಣ್ಣ, ಒಸಿ ನಗು ನೋಡನ."

"ಯಾಕ್ಲಾ?"

"ನಗಣ್ಣೋ, ಸುಮ್ನೆ."

ನಕ್ಕೆ. ಅರ್ಧ ಮುಖ ಮಾತ್ರ ನಕ್ಕಿತಂತೆ. ಶಿವಣ್ಣ ಇನ್ನೇನೂ ಕೇಳಲಿಲ್ಲ. ಸಾಮಾನು ಇಳಿಸಿ ಹೊರಟಿದ್ದ ಗೂಡ್ಸ್ ಆಟೊ ನಿಲ್ಲಿಸಿ, ನನ್ನನ್ನು ಖಾಲಿ ಚೀಲಗಳ ಮೇಲೆ ಮಲಗಿಸಿ ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ "ಮಾತಾಡ್ತಾ ಇರಣ್ಣ, ನಿಲ್ಲುಸ್ಬೇಡ" ಎನ್ನುತ್ತಿದ್ದ. ನಾಲಿಗೆ ದಪ್ಪಗಾಗಿತ್ತು. ಏನು ಹೇಳಿದೆನೋ ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಬೇಗ ಬಂದಿರಿ ಎಂದರು ಡಾಕ್ಟರು. ತಲೆಯ ಬಲಗಡೆ ಒಂದು ಸಣ್ಣ ನಾಳ ಕಟ್ಟಿಕೊಂಡಿತ್ತಂತೆ. ಮೂರನೆಯ ದಿನ ನಾಲಿಗೆ ತಿಳಿಯಾಯಿತು. ಹೆಸರು ಕೇಳಿದರು, ಹೇಳಿದೆ. ಊರು, ಹೆಂಡತಿಯ ಹೆಸರು, ಬೆರಳು ತೋರಿಸಿ ಎಷ್ಟು ಎಂದು ಕೇಳಿದ್ದಕ್ಕೆ ಲೆಕ್ಕ, ಎಲ್ಲ ಹೇಳಿದೆ. ಮಂಜುಳ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ಮಾತು ಉಳೀತು, ಇನ್ನೇನು" ಎಂದು ನರ್ಸಮ್ಮ ಅವಳ ಬೆನ್ನು ತಟ್ಟಿದರು.

ಐದನೆಯ ದಿನ ಮಂಜುಳ ಇಡ್ಲಿ ತಂದಳು. "ತಿಂತೀರಾ?" ಎಂದಳು. "ಕೊಡು" ಎಂದೆ. ಅವಳು ಡಬ್ಬಿಯನ್ನು ಹಾಸಿಗೆಯ ಮೇಲಿಟ್ಟು ಹೊರಗೆ ಹೋಗಿ ಕಾರಿಡಾರಿನ ಕಿಟಕಿಯ ಹತ್ತಿರ ನಿಂತಳು. ತುಂಬ ಹೊತ್ತಾದ ಮೇಲೆ ಬಂದು ಕೇಳಿದಳು:

"ನಾನೇನ್ ತಪ್ ಮಾಡ್ದೆ ಅಂತ ಇಂಗ್ ಮಾತಾಡ್ತೀರಿ? ಮೂರ್ ದಿನದಿಂದ ನೋಡ್ತಾ ಇವ್ನಿ."

ನನಗೆ ಅರ್ಥವಾಗಲಿಲ್ಲ. ನನ್ನ ಒಳಗಿನ ಕಿವಿಗೆ ಆ ಮಾತು ಯಾವಾಗಿನಂತೆಯೇ ಕೇಳಿತ್ತು. ಹಸಿದವನು ಹೆಂಡತಿಯ ಹತ್ತಿರ "ಕೊಡು" ಅನ್ನುವ ಹಾಗೆ. ಅವಳು ಫೋನಿನಲ್ಲಿ ನನ್ನ ಮಾತನ್ನು ಹಿಡಿದು ನನಗೇ ಕೇಳಿಸಿದಳು. ಯಾರೋ ಕಚೇರಿಯಲ್ಲಿ ಕೂತು ಹೆಸರಿನ ಪಟ್ಟಿ ಓದುತ್ತಿದ್ದ ಹಾಗಿತ್ತು. "ಇದು ನಾನಲ್ಲ" ಎಂದೆ. ಅದೂ ಪಟ್ಟಿಯ ಇನ್ನೊಂದು ಹೆಸರಿನಂತೆಯೇ ಬಂತು. ಮಂಜುಳ ಇದ್ದಕ್ಕಿದ್ದಂತೆ ನಕ್ಕುಬಿಟ್ಟಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಅಂದಿನಿಂದ ನನಗೆ ಹೆದರಿಕೆಯ ಜೊತೆಗೆ ಒಂದು ಕುತೂಹಲವೂ ಹತ್ತಿಕೊಂಡಿತು. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಜನ ಆಡುವುದನ್ನು ಕೇಳುವುದೇ ಕೆಲಸವಾಯಿತು. ಒಂದು ದಿನ ಪಕ್ಕದಲ್ಲಿ ತಾಳವಾಡಿ ಕಡೆಯ ಒಬ್ಬ ಹೆಂಗಸು ಕೂತಿದ್ದಳು. ತಮಿಳಿನಲ್ಲಿ ಬಡಬಡ ಮಾತಾಡಿದಳು. ನನಗೆ ತಮಿಳು ಬರುವುದು ಹತ್ತು ಪದ. ಆದರೂ ಅವಳ ಗಂಡ ಒಳಗಿದ್ದಾನೆ, ಮಗಳ ಮೇಲೆ ಸಿಟ್ಟಿದೆ, ಡಾಕ್ಟರ ಮೇಲೆ ನಂಬಿಕೆ ಇದೆ, ಎಲ್ಲ ಗೊತ್ತಾಯಿತು. ನಾನು ನನ್ನ ಹತ್ತು ಪದದಲ್ಲಿ ಸಮಾಧಾನ ಹೇಳಿದೆ. ಅವಳು ಮುಖ ತಿರುಗಿಸಿ ಬ್ಯಾಗನ್ನು ಇನ್ನೊಂದು ಮಗ್ಗುಲಿಗೆ ಇಟ್ಟುಕೊಂಡಳು. ನನ್ನ ಪದಗಳು ಅವಳ ಭಾಷೆಯವೇ, ಅವಳಿಗೆ ತಲುಪಲಿಲ್ಲ. ಅವಳ ಪದಗಳು ನನಗೆ ಗೊತ್ತಿಲ್ಲ, ತಲುಪಿದವು. ಇದೇನಿದು ಎಂದು ಮನೆಗೆ ಹೋಗುವವರೆಗೂ ಯೋಚಿಸಿದೆ.

ಕೆಲಸಕ್ಕೆ ಮರಳಿದ ವಾರ ಲಾರಿ ಡ್ರೈವರೊಬ್ಬ ಕೇಳಿದ: "ಸಾರ್ ಬೆಂಗ್ಳೂರೋರಾ?" ನಾನು ಆಡಿದ್ದು ನನ್ನ ಊರಿನ ಮಾತನ್ನೇ, ಹುಟ್ಟಿದಾಗಿನಿಂದ ಆಡುವುದನ್ನೇ. ಆದರೆ ಊರು ಪದಗಳಲ್ಲಿ ಇರಲಿಲ್ಲ, ಪದ ಎಳೆಯುವ ರಾಗದಲ್ಲಿ ಇತ್ತು ಅಂತ ಕಾಣುತ್ತದೆ. ಅಕ್ಕ ಮದುವೆಯಾದ ಎರಡೇ ವರ್ಷಕ್ಕೆ ಊರಿಗೆ ಬಂದಾಗ ಅವ್ವ "ಗುಂಡ್ಲುಪೇಟೆ ರಾಗ ಕಲ್ತ್ಬುಟ್ಟವಳೆ, ನಮ್ಮುಡ್ಗಿ ಅಲ್ಲ ಇವ್ಳು" ಎಂದು ರೇಗಿಸುತ್ತಿದ್ದದ್ದು ನೆನಪಾಯಿತು. ಅಕ್ಕನಿಗೆ ಎರಡು ಊರು ಆದವು. ನನಗೆ ಒಂದೂ ಇಲ್ಲದಂತಾಯಿತು.

ಆ ದಿನಗಳಲ್ಲೇ ಒಂದು ಎಡವಟ್ಟು ಮಾಡಿದೆ. ನಮ್ಮ ಕಡೆ ಸಾವಿನ ಸುದ್ದಿಯನ್ನು ಫೋನಿನಲ್ಲಿ ನೇರವಾಗಿ ಹೇಳುವುದಿಲ್ಲ. ಅದರಲ್ಲೂ ಮಗಳಿಗೆ ಹೇಳುವುದೇ ಇಲ್ಲ. "ಒಸಿ ಜಾಸ್ತಿ ಆಗದೆ, ಬಂದ್ಬುಡಿ" ಅನ್ನುತ್ತಾರೆ. "ನೋಡ್ಬೇಕು ಅಂತಾವ್ರೆ, ಬನ್ನಿ" ಅನ್ನುತ್ತಾರೆ. ಹೇಳುವವರು ಅಳು ತಡೆದುಕೊಂಡು ಹೇಳುವುದರಿಂದ ದನಿ ಸಪಾಟಾಗಿರುತ್ತದೆ. ಆ ಸಪಾಟು ಕೇಳಿಯೇ ಆ ಕಡೆಯವರು ಹೂವಿನ ಹಾರಕ್ಕೆ ಹೇಳಿ ಹೊರಡುತ್ತಾರೆ. ಅವರೆಕಾಯಿ ಕಾಲ ಬಂದಿತ್ತು. ಅವ್ವ ಮಗಳಿಗೆ ಒಂದು ಚೀಲ ಕೊಡಬೇಕು ಅಂದಳು. ನಾನು ಫೋನು ಮಾಡಿ, "ಅಕ್ಕ, ಅವ್ವ ನಿನ್ನ ನೋಡ್ಬೇಕಂತೆ, ಬಾ" ಎಂದು ಇಟ್ಟುಬಿಟ್ಟೆ.

ಮಧ್ಯಾಹ್ನ ಬೀದಿಯ ತಿರುವಿನಲ್ಲೇ ಅಕ್ಕನ ಅಳು ಕೇಳಿತು. ಹಿಂದೆ ಭಾವ ಹಾರ ಹಿಡಿದು ಬರುತ್ತಿದ್ದರು. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಅವ್ವ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಿ ಕೇಳಿದಳು:

"ಯಾರ್ಗಮ್ಮಿ ಅಳ್ತಾ ಇದ್ದೀಯ? ನಂಗೂ ಏಳು, ಒಟ್ಗೇ ಅಳನ."

ಅಕ್ಕ ಅಲ್ಲೇ ನಿಂತಳು. ಅವ್ವನನ್ನು ನೋಡಿದಳು, ನನ್ನನ್ನು ನೋಡಿದಳು. "ಇವ್ನು" ಎಂದು ನನ್ನ ಕಡೆ ಬೆರಳು ತೋರಿಸಿದಳು. ಭಾವನ ಕೈಯಲ್ಲಿದ್ದ ಹಾರವನ್ನು ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಅವ್ವನೇ ಈಸಿಕೊಂಡು ದೇವರ ಪಟಕ್ಕೆ ಹಾಕಿದಳು. "ನಂಗೆ ತಂದಿದ್ದು, ಅವ್ನಿಗೆ ಕೊಟ್ಟಿವ್ನಿ. ಅವ್ನು ಒಸಿ ದಿನ ತಡೀಲಿ" ಅಂದಳು.

ಅಂದು ಊಟಕ್ಕೆ ಕೂತಾಗ ಅಕ್ಕ ಒಂದು ಕಟ್ಟಳೆ ಮಾಡಿದಳು.

"ನೋಡ್ಲಾ ಮಾದೇವ, ಬೋರ್ಡ್ ಇಲ್ದಿರೋ ಬಸ್ಸು ನೀನು. ಯಾವೂರ್‌ಗೆ ಓಯ್ತದೆ ಅಂತ ನಾವು ಎಂಗ್ ತಿಳ್ಕಳನ? ಮಾತಾಡಕ್ ಮುಂಚೆ ಬೋರ್ಡ್ ಆಕು. ಸಂತೋಸ್ವಾ, ಸಿಟ್ಟಾ, ಭಯನಾ, ಅದ್ನ ಮೊದ್ಲು ಏಳ್ಬುಡು."

ಹಾಗೆ ಶುರುವಾಯಿತು. "ತಮಾಷೆಗೆ ಕಣೆ, ಸಾರಿಗೆ ಉಪ್ಪೇ ಇಲ್ಲ." "ಸಿಟ್ಟಲ್ಲಿ ಹೇಳ್ತಾ ಇವ್ನಿ, ನನ್ನ ಚಪ್ಪಲಿ ಎಲ್ಲಿ." ಕೇಳಿದವರು ನಕ್ಕರೂ ಕೆಲಸ ನಡೆಯಿತು. ಒಂದು ವಿಚಿತ್ರ ಗಮನಿಸಿದೆ. ಮೊದಲೆಲ್ಲ ಸಿಟ್ಟು ಬಂದದ್ದು ನನಗೇ ತಿಳಿಯುವ ಮುಂಚೆ ದನಿಯಲ್ಲಿ ಬಂದುಬಿಡುತ್ತಿತ್ತು. ಈಗ ಬೋರ್ಡ್ ಹಾಕಲು ಒಳಗೆ ಹೋಗಿ ನೋಡಿಕೊಂಡು ಬರಬೇಕು. ಎಷ್ಟೋ ಸಲ ಸಿಟ್ಟು ಅಂದುಕೊಂಡು ಹೋದರೆ ಅಲ್ಲಿ ಕೂತಿರುತ್ತಿದ್ದದ್ದು ಹೆದರಿಕೆ.

ಆಸ್ಪತ್ರೆಯಲ್ಲಿ ಮಾತು ತಿದ್ದುವ ಒಬ್ಬ ಮೇಡಂ ಇದ್ದರು. ಚಿಕ್ಕ ವಯಸ್ಸು, ಮಂಗಳೂರು ಕಡೆಯವರು. "ಬೇರೆಯವರ ದನಿ ಕೇಳಿದ್ರೆ ಸಿಟ್ಟು, ನಗು ಎಲ್ಲ ಗೊತ್ತಾಗ್ತದಲ್ಲ ನಿಮಗೆ? ಹಾಗಾದ್ರೆ ಅರ್ಧ ಉಳಿದಿದೆ. ಹೇಳ್ಲಿಕ್ಕೆ ಬರೋದು ಮಾತ್ರ ಹೋಗಿದೆ" ಎಂದರು. ದನಿ ಏರಬೇಕಾದಲ್ಲಿ ಕೈ ಎತ್ತಬೇಕು, ಇಳಿಯಬೇಕಾದಲ್ಲಿ ಇಳಿಸಬೇಕು, ದನಿ ಕೈಯ ಹಿಂದೆ ಹೋಗಲಿ ಎಂದು ಅಭ್ಯಾಸ ಮಾಡಿಸಿದರು. ಒಂದು ತಿಂಗಳಿಗೆ "ಊಟ ಆಯ್ತಾ" ಎಂದು ಕೇಳುವಷ್ಟು ಬಂತು. ಮನೆಯಲ್ಲಿ ಕೇಳಿ ತೋರಿಸಿದೆ. ಮಂಜುಳ ಬಿದ್ದು ಬಿದ್ದು ನಕ್ಕಳು. ಅದು ಪೂರಾ ಮಂಗಳೂರಿನ ರಾಗವಂತೆ. ಮೇಡಮ್ಮಿಗೆ ಹೇಳಿದರೆ ಅವರೂ ನಕ್ಕು, "ನಿಮ್ಮ ಊರಿನದ್ದು ನನ್ನ ಹತ್ತಿರ ಇಲ್ಲ. ಮನೆಯಲ್ಲಿ ಯಾರ ಹತ್ತಿರ ಮಾತು ಕಲಿತಿರೋ ಅವರ ಹತ್ತಿರವೇ ಕೂತ್ಕೊಳ್ಳಿ" ಎಂದರು.

ಹಾಗಾಗಿ ಐವತ್ತು ದಾಟಿದವನಿಗೆ ಅವ್ವ ಎರಡನೇ ಸಲ ಮಾತು ಕಲಿಸಿದಳು. ಮೆಟ್ಟಿಲ ಮೇಲೆ ಕೂತು, ಸೊಪ್ಪು ಸೋಸುತ್ತ, ಅವಳು ಅಂದದ್ದನ್ನು ನಾನು ಕೈ ಎತ್ತಿ ಇಳಿಸಿ ಅನ್ನಬೇಕು. "ಏರುಸ್ಲಾ, ಇನ್ನೂ ಏರುಸು, ಮರ ಅತ್ತೋನ್ನ ಕರ್ದಂಗೆ." ಅವಳ ಕರೆಗಳನ್ನು ನಾನು ಆಗಲೇ ನಿಜವಾಗಿ ಕೇಳಿದ್ದು. ಅಕ್ಕನನ್ನು ಅವ್ವ ಕರೆಯುತ್ತಿದ್ದದ್ದು "ಅಮ್ಮೀ" ಎಂದು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಹಾಗೆ ಕರೆಯುತ್ತಾರೆ. ಅದೊಂದೇ ಮಾತು, ಕರೆ ಮಾತ್ರ ಬೇರೆ ಬೇರೆ. ಉಣ್ಣಲು ಕರೆಯುವುದು ಒಂದು, ಹುಲ್ಲಿನ ಮೆದೆಯ ಹತ್ತಿರ ಹಾವು ಕಂಡರೆ ಕರೆಯುವುದು ಒಂದು. ಬಿಸಿಲು ಇಳಿಯುವ ಹೊತ್ತಿಗೆ ಬಾಚಣಿಗೆ, ಎಣ್ಣೆ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತು, ಅವಸರವಿಲ್ಲದೆ, ಮುಂದೆ ಕೂರಿಸಿಕೊಂಡು ತಲೆ ಬಾಚಲು ಕರೆಯುವುದು ಇನ್ನೊಂದು. ಹುಡುಗರಾಗಿದ್ದಾಗ ಮಾತು ಮುಗಿಯುವ ಮುಂಚೆಯೇ ಯಾವುದಕ್ಕೆ ಎಂದು ಅಕ್ಕನಿಗೆ ಗೊತ್ತಾಗುತ್ತಿತ್ತು.

ಮಳೆಗಾಲದಲ್ಲಿ ಅವ್ವನಿಗೆ ಉಸಿರು ಕಟ್ಟತೊಡಗಿತು. ಅದೇ ಆಸ್ಪತ್ರೆ, ಅದೇ ಕಾರಿಡಾರು. ನಾನು ಮಲಗಿದ್ದ ವಾರ್ಡಿನ ಎದುರಿನ ವಾರ್ಡು. ಮೂರನೆಯ ದಿನ ಸಂಜೆ ಐದು ಗಂಟೆಗೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಬರಬೇಕಾದವರಿದ್ದರೆ ಕರೆಸಿಕೊಳ್ಳಿ ಎಂದರು. ಮಂಜುಳ ಹಸುವಿನ ಹಾಲು ಕರೆಯಲು ಮನೆಗೆ ಹೋಗಿದ್ದಳು. ನಾನು ಹಾಸಿಗೆಯ ಹತ್ತಿರ ಬಂದು ಫೋನು ತೆಗೆದೆ. ಅವ್ವ ಎಚ್ಚರವಾಗಿದ್ದಳು. ನನ್ನ ಮಣಿಕಟ್ಟು ಹಿಡಿದುಕೊಂಡಳು.

ಕಟ್ಟಳೆ ಪ್ರಕಾರ ನಾನು ಮೊದಲು "ಭಯ ಆಯ್ತಾ ಅದೆ ಕಣಕ್ಕ" ಅನ್ನಬೇಕಿತ್ತು. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಮುಂದೆ ಆ ಮಾತು ಆಡಲು ನನ್ನಿಂದ ಆಗಲಿಲ್ಲ. ಕೈ ಬಿಡಿಸಿಕೊಂಡು ಹೊರಗೆ ಹೋಗಲೂ ಆಗಲಿಲ್ಲ.

"ಅಕ್ಕ, ಅವ್ವ ನಿನ್ ಕೇಳ್ತಾವಳೆ. ಬಾ."

"ಎಂಗವ್ಳೆ?"

"ಅವ್ಳೆ. ಮಾತಾಡ್ತಾವಳೆ."

"ಜೊತೆಯೋಳು ರಜ ಆಕವ್ಳೆ ಕಣ್ಲಾ. ನಾಳೆ ಮಕ್ಕಳ್ಗೆ ಬಡಿಸ್ಬುಟ್ಟು ಮೂರ್ ಗಂಟೆ ಒಳ್ಗೆ ಬತ್ತೀನಿ. ಅವ್ವುಂಗೆ ಏಳು."

"ಆಯ್ತು."

ಹಿಂದಿನ ನಾನಾಗಿದ್ದರೆ ಆ "ಬಾ" ಒಂದರಲ್ಲೇ ಎಲ್ಲ ಹೋಗಿರುತ್ತಿತ್ತು. ಅವ್ವನಿಗೂ ತಿಳಿಯದ ಹಾಗೆ, ಅಕ್ಕನಿಗೆ ಮಾತ್ರ ತಿಳಿಯುವ ಹಾಗೆ ಅನ್ನಬಹುದಿತ್ತು.

ಬೆಳಿಗ್ಗೆ ಅವ್ವ ಅರ್ಧ ಲೋಟ ಕಾಫಿ ಕುಡಿದಳು. ಮೂರು ಗಂಟೆಯವರೆಗೆ ಏನೂ ಆಗುವುದಿಲ್ಲ ಎಂದು ನಾನೇ ನನಗೆ ಹೇಳಿಕೊಂಡೆ. ಒಂಬತ್ತು ಗಂಟೆಯ ಸುಮಾರಿಗೆ ಕಣ್ಣು ಮುಚ್ಚಿಕೊಂಡೇ "ಅಮ್ಮೀ" ಎಂದು ಒಂದು ಸಲ ಕರೆದಳು. ನಾನು ಬಾಗಿಲ ಕಡೆ ನೋಡಿದೆ, ಅಕ್ಕ ಬಂದಿದ್ದಾಳೇನೋ ಎಂದು. ಯಾರೂ ಇರಲಿಲ್ಲ. ಅವ್ವ ಮತ್ತೆ ಕರೆಯಲಿಲ್ಲ. ಚಮಚದಲ್ಲಿ ನೀರು ಬಿಟ್ಟೆ. ಮೊದಲನೆಯದು ಒಳಗೆ ಹೋಯಿತು. ಎರಡನೆಯದು ತುಟಿಯ ಮೂಲೆಯಿಂದ ಇಳಿದು ಬಂತು. ಮಂಜುಳ ಗಂಜಿ ಹಿಡಿದು ಒಳಗೆ ಬಂದದ್ದು ಆಗ.

ಅಕ್ಕನಿಗೆ ಮಂಜುಳನೇ ಫೋನು ಮಾಡಿದಳು. "ಒಸಿ ಜಾಸ್ತಿ ಆಗದೆ, ಬಂದ್ಬುಡಿ ಅತ್ಗೆ" ಎಂದಳು, ಅಷ್ಟೇ. ಅಕ್ಕ ಒಲೆಯ ಮೇಲಿದ್ದ ಬೇಳೆಯನ್ನು ಟೀಚರಮ್ಮನಿಗೆ ಒಪ್ಪಿಸಿ, ಕೈ ಒರೆಸಿಕೊಳ್ಳುತ್ತಲೇ ಬಸ್ಸು ಹತ್ತಿದಳಂತೆ. ಅವಳು ಚಂದಕವಾಡಿಗೆ ಬರುವ ಹೊತ್ತಿಗೆ, ತೀರಿಕೊಂಡವರನ್ನು ಕೂರಿಸುವ ನಮ್ಮ ಪದ್ಧತಿಯಂತೆ, ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದೆವು. ಈ ಸಲವೂ ಬೀದಿಯ ತಿರುವಿನಿಂದಲೇ ಅಕ್ಕನ ಅಳು ಕೇಳಿತು. ಯಾರಿಗೆ ಅಳ್ತೀಯ ಎಂದು ಕೇಳುವವರು ಇರಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅಕ್ಕ ಹಿತ್ತಿಲಲ್ಲಿ ನನ್ನ ಎದುರು ನಿಂತಳು.

"ಮಂಜುಳ ಅಂದ ತಕ್ಷಣ ನಂಗೆ ಗೊತ್ತಾಯ್ತು. ನೀನೂ ಅದ್ರ ಮುಂಚಿನ ದಿನ ಅಂತದ್ನೇ ಅಂದಿದ್ದೆ. ಬೋರ್ಡ್ ಆಕ್ನಿಲ್ಲ ನೀನು."

ಅವಳೇ ಮತ್ತೆ ಕೇಳಿದಳು:

"ಕೊನೇಲಿ ಏನಂದ್ಲು?"

"ಅಮ್ಮೀ ಅಂದ್ಲು. ನಿನ್ನ ಕರದ್ಲು."

"ಎಂಗ್ ಕರದ್ಲು? ನೋವ್ನಲ್ಲಿ ಕರದ್ಲಾ? ಎದ್ರಿದ್ಲಾ?"

"ಎದ್ರಿರ್ಲಿಲ್ಲ."

"ನಿನ್ ದನೀಲಿ ಎದ್ರಿದ್ರೂ ಅಂಗೇ, ಎದ್ರುದೆ ಇದ್ರೂ ಅಂಗೇ. ಅವ್ಳು ಅಂದಂಗೆ ಅನ್ನು."

ಅಂದೆ. ಪಟ್ಟಿಯಲ್ಲಿನ ಒಂದು ಹೆಸರಿನಂತೆ ಬಂತು. ಅಕ್ಕ ಸ್ವಲ್ಪ ಹೊತ್ತು ಕಾದಳು. ಆಮೇಲೆ ಒಳಗೆ ಹೋಗಿ ಬ್ಯಾಗು ತೆಗೆದುಕೊಂಡಳು. ಮುಂದಿನ ಐದು ತಿಂಗಳು ನನ್ನ ಫೋನು ಎತ್ತಲಿಲ್ಲ.

ಆ ಕರೆಯನ್ನು ಕೇಳಿದವನು ನಾನೊಬ್ಬನೇ. ಅದು ನನ್ನ ಕಿವಿಯಲ್ಲಿ ಈಗಲೂ ಇದೆ, ಒಂದಿಷ್ಟೂ ಮಾಸಿಲ್ಲ. ಯಾವ ಕರೆ ಎಂದು ಮಾತ್ರ ಹೆಸರಿಟ್ಟು ಹೇಳಲು ಆಗುತ್ತಿರಲಿಲ್ಲ. ಎಲ್ಲೋ ಬಲ್ಲೆ ಅನ್ನಿಸುತ್ತಿತ್ತು. ನನ್ನನ್ನು ಕರೆದದ್ದಲ್ಲವಲ್ಲ ಅದು, ಯಾವತ್ತೂ. ಗೇಟಿನಲ್ಲಿ ಲಾರಿ ಇಲ್ಲದಾಗ, ಮೆಟ್ಟಿಲ ಮೇಲೆ ಒಬ್ಬನೇ ಇದ್ದಾಗ ಕೈ ಎತ್ತಿ ಇಳಿಸಿ ಅಭ್ಯಾಸ ಮಾಡಿದೆ. ಮೇಡಮ್ಮನ್ನು ಕೇಳಿದೆ. ಅವರು ನಾಲ್ಕೈದು ಸಲ ಕೈ ಆಡಿಸಲು ಹೇಳಿ ನೋಡಿ, "ನಾನು ಅದನ್ನು ಕೇಳಿಲ್ಲ, ಹೇಗೆ ತಿದ್ದಲಿ? ಆದ್ರೆ ನಿಮ್ಮ ಕೈ ಪ್ರತಿ ಸಲವೂ ಒಂದೇ ಹಾಗೆ ಹೋಗ್ತಾ ಉಂಟು. ದನಿ ಬಾರದಿದ್ರೂ ಕೈ ತೋರಿಸಿ" ಎಂದರು.

ಒಂದು ಶುಕ್ರವಾರ ರಜೆ ಹಾಕಿ ಗುಂಡ್ಲುಪೇಟೆ ಬಸ್ಸು ಹತ್ತಿದೆ. ಶಾಲೆಗೆ ಹೋದಾಗ ಊಟ ಮುಗಿದಿತ್ತು. ಒಳಗೆ ಮಕ್ಕಳು ಒಕ್ಕೊರಲಿನಿಂದ ಮಗ್ಗಿ ಹೇಳುತ್ತಿದ್ದವು. ಅಡುಗೆ ಕೋಣೆಯ ಹಿಂದಿನ ಮೆಟ್ಟಿಲ ಮೇಲೆ ಅಕ್ಕ ದೊಡ್ಡ ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ.

"ಭಯ ಆಯ್ತಾ ಅದೆ ಕಣಕ್ಕ" ಎಂದೆ.

ತಿಕ್ಕುವುದು ನಿಂತಿತು.

"ಅವತ್ತು ಏಳ್ಬೇಕಾಗಿತ್ತು. ಅವ್ವ ನನ್ ಕೈ ಇಡ್ಕಂಡು ನೋಡ್ತಾ ಇದ್ಲು. ಅವ್ಳ ಮುಂದೆ ಅನ್ನಕಾಯ್ನಿಲ್ಲ. ಇವತ್ತು ಏಳ್ತಾ ಇವ್ನಿ."

ಅಕ್ಕ ಪಾತ್ರೆಯ ಒಳಗೆ ನೋಡುತ್ತ ಕೂತಳು. ಅವ್ವ ಕೈ ಹಿಡಿದಿದ್ದಳು ಎಂಬುದು ಅವಳಿಗೆ ಗೊತ್ತಿರಲಿಲ್ಲ.

"ಮೊದ್ಲೇ ಬಂದು ಬೊಗಳಕ್ಕೇನಾಗಿತ್ತು ನಿಂಗೆ" ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಕೂತ್ಕ, ನಿಂತ್ಕಬೇಡ" ಎಂದಳು.

ಕೂತೆ. "ಅವ್ವ ಕರ್ದಂಗೆ ನಂಗೆ ಅನ್ನಕ್ಕೆ ಬರಲ್ಲ. ನೀನು ಅನ್ನು. ನಾನು ಕೈ ತೋರುಸ್ತೀನಿ. ಸರಿಯಾದ್ರೆ ಸರಿ ಅಂತೀನಿ."

ಅಕ್ಕ ಮೊದಲು ಒಪ್ಪಲಿಲ್ಲ. ಪಾತ್ರೆ ತೊಳೆದು ಬೋರಲು ಹಾಕಿದಳು. ಆಮೇಲೆ, ನನ್ನ ಕಡೆ ನೋಡದೆ, "ಅಮ್ಮೀ" ಎಂದಳು. ಗಾಬರಿಯ ಕರೆ, ಹಾವು ಕಂಡಾಗಿನದು. ಐದು ತಿಂಗಳು ಅವಳು ಮನಸ್ಸಿನಲ್ಲೇ ಕೇಳಿಸಿಕೊಂಡಿದ್ದದ್ದು ಇದನ್ನೇ ಎಂದು ನನಗೆ ಹೊಳೆಯಿತು.

"ಅಲ್ಲ" ಎಂದೆ.

ಇನ್ನೊಂದು ಅಂದಳು. ನೋವಿನ ದನಿ.

"ಅಲ್ಲ."

ಊಟಕ್ಕೆ ಕರೆಯುವುದು. ಅದು ಹತ್ತಿರ ಬಂದಿತ್ತು, ಆದರೆ ಕೊನೆಯಲ್ಲಿ ಜಾಸ್ತಿ ಏರಿತು. ನಾನು ಬಲಗೈ ಎತ್ತಿದೆ. ಸಮನಾಗಿ ಸ್ವಲ್ಪ ದೂರ ಒಯ್ದೆ, ಒಂದು ಗೇಣು ಮೇಲಕ್ಕೆ ಎತ್ತಿದೆ, ಅಲ್ಲೇ ನಿಲ್ಲಿಸಿದೆ, ಆಮೇಲೆ ನಿಧಾನವಾಗಿ ತೊಡೆಯ ಮೇಲೆ ಇಳಿಸಿದೆ. ಅಕ್ಕ ಕೈಯನ್ನೇ ನೋಡಿದಳು. ಇನ್ನೊಂದು ಸಲ ತೋರಿಸು ಎಂದು ಕಣ್ಣಿನಲ್ಲೇ ಹೇಳಿದಳು. ತೋರಿಸಿದೆ.

ಅವಳು ಕಣ್ಣು ಮುಚ್ಚಿಕೊಂಡು ಕೈಯ ಹಿಂದೆ ದನಿ ಬಿಟ್ಟಳು.

"ಅಮ್ಮೀ."

ಅದು ಅವ್ವ. ಗುಂಡ್ಲುಪೇಟೆ ರಾಗ ಅದರಲ್ಲಿ ಒಂದಿಷ್ಟೂ ಇರಲಿಲ್ಲ. "ಅದೇ" ಎಂದೆ.

ಅಕ್ಕನ ಒದ್ದೆ ಕೈ ತಾನಾಗಿ ಮೇಲೆ ಹೋಗಿ ತುರುಬನ್ನು ಬಿಚ್ಚಿತು. ಕೂದಲು ಬೆನ್ನ ಮೇಲೆ ಇಳಿಯಿತು. ಮೆಟ್ಟಿಲ ಮೇಲೆ ಒಂದಿಷ್ಟು ಮುಂದಕ್ಕೆ ಸರಿದು, ಹಿಂದೆ ಬಾಚಣಿಗೆ ಹಿಡಿದು ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು.